ಅಣುವಿಗೆ ತಾಗಿದ ಎಲೆಕ್ಟ್ರಾನು: ಅಳತೆ ಎಲ್ಲಿಗೆ ಬಂತು, ಲೆಕ್ಕ ಎಲ್ಲಿಗೆ ಬಂತು

ಗದಗ ಜಿಲ್ಲೆಯ ರೋಣದ ಕಡೆಯಿಂದ ಬರುವವರಿಗೆ ಗಜೇಂದ್ರಗಡ ಊರಿಗಿಂತ ಮೊದಲು ಅದರ ಗುಡ್ಡದ ಮೇಲಿನ ಫ್ಯಾನುಗಳು ಕಾಣುತ್ತವೆ. ಅವು ಹುಟ್ಟಿಸಿದ ಕರೆಂಟು ತಂತಿ ಹಿಡಿದು ಇಳಿದು ಸ್ಟೇಷನ್ನಿಗೆ ಸೇರುತ್ತದೆ. ದೊಡ್ಡ ಸ್ಟೇಷನ್ನುಗಳ ಬೇಲಿಯೊಳಗೆ ಪಿಂಗಾಣಿ ಕಂಬದಂಥ ಬ್ರೇಕರ್‌ಗಳು ಸಾಲಾಗಿ ನಿಂತಿರುತ್ತವೆ. ಲೈನಿನಲ್ಲಿ ಎಲ್ಲೋ ಶಾರ್ಟ್ ಆದರೆ ಬ್ರೇಕರಿನ ಒಳಗಿನ ಎರಡು ಲೋಹದ ತುದಿಗಳು ಬೇರ್ಪಡುತ್ತವೆ, ಬೇರ್ಪಟ್ಟ ಗಳಿಗೆಯಲ್ಲೇ ನಡುವೆ ಬೆಂಕಿಯ ಕಮಾನು ಏಳುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ಆರಬೇಕು, ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳಬಾರದು. ಇದನ್ನು ಮಾಡುವುದು ಒಳಗೆ ಒತ್ತಿ ತುಂಬಿರುವ ಎಸ್‌ಎಫ್6 ಎಂಬ ಅನಿಲ: ಒಂದು ಗಂಧಕದ ಪರಮಾಣು, ಅದರ ಸುತ್ತ ಆರು ಫ್ಲೋರಿನ್ನುಗಳು.

ಈ ಅಣುವಿಗೆ ಅಂಥ ಶಕ್ತಿ ಬಂದದ್ದು ಎಲ್ಲಿಂದ? ನಿಧಾನವಾಗಿ ಓಡಾಡುವ ಎಲೆಕ್ಟ್ರಾನು ಹತ್ತಿರ ಬಂದರೆ ಸಾಕು, ಅದು ಹಿಡಿದು ನುಂಗಿಬಿಡುತ್ತದೆ. ಓಡುವ ಎಲೆಕ್ಟ್ರಾನುಗಳಿಲ್ಲದೆ ಕಿಡಿ ಇಲ್ಲ. ಗಾಳಿಯಲ್ಲಿ ಒಂದು ಸೆಂಟಿಮೀಟರ್ ಸಂದಿಗೆ ಸುಮಾರು 30 ಕಿಲೋವೋಲ್ಟ್ ಕೊಟ್ಟರೆ ಕಿಡಿ ಹಾರುತ್ತದೆ. ಎಸ್‌ಎಫ್6ರಲ್ಲಿ ಅದೇ ಒತ್ತಡದಲ್ಲಿ ಕಿಡಿ ಹಾರಲು ಸುಮಾರು 89 ಕಿಲೋವೋಲ್ಟ್ ಬೇಕು. ಆದರೆ ಈ ಅನಿಲ ಸೋರಿದರೆ ಭೂಮಿಯನ್ನು ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 23,500 ಪಟ್ಟು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2013ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಗಾಳಿಯ ವಿದ್ಯುತ್ತು ಹೊಗೆಯಿಲ್ಲದ ವಿದ್ಯುತ್ತು. ಅದನ್ನು ಕಾಯುವ ಅನಿಲಕ್ಕೆ ಬದಲಿ ಹುಡುಕಲೇಬೇಕು. ಬದಲಿ ಅಣುವಿಗೆ ಎಲೆಕ್ಟ್ರಾನು ತಾಗಿದರೆ ಏನಾಗುತ್ತದೆ ಎಂಬುದು ಗೊತ್ತಾಗದೆ ಆ ಹುಡುಕಾಟ ಕತ್ತಲಲ್ಲಿ ಕೈಯಾಡಿಸಿದಂತೆ.

ಇದು ನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಎಲೆಕ್ಟ್ರಾನು ಅಣುವಿಗೆ ತಾಗಿ ಚದುರುವುದನ್ನು ಎಷ್ಟು ನಂಬಿಕೆಯಿಂದ ಅಳೆಯಬಲ್ಲೆವು? ಅಳೆಯದೆಯೇ ಎಷ್ಟನ್ನು ಹೇಳಬಲ್ಲೆವು? ಈ ಕೆಲಸದಲ್ಲಿ ಕರ್ನಾಟಕದ ಕೈಯೂ ಇದೆ. ಅದನ್ನು ಬಲ್ಲವರು ಕಡಿಮೆ.

ಮೊದಲು ಅಳೆಯುವುದು ಏನನ್ನು ಎಂಬುದು ಸ್ಪಷ್ಟವಾಗಲಿ. ಹೊಲದ ನಡುವೆ ಒಂದು ಕಂಬ ನೆಟ್ಟು ಕಣ್ಣು ಕಟ್ಟಿಕೊಂಡು ಕವಣೆ ಬೀಸಿದರೆ, ಎಷ್ಟು ಕಲ್ಲು ತಾಗಿದವು ಎಂಬುದರಿಂದ ಕಂಬದ ಅಗಲ ಹೇಳಬಹುದು. ಎಲೆಕ್ಟ್ರಾನುಗಳ ಹೊಳೆಗೆ ಅಣು ಎಷ್ಟು ದೊಡ್ಡ ಗುರಿಯಾಗಿ ತೋರುತ್ತದೆ ಎಂಬ ಇಂಥದೇ ಅಳತೆಗೆ ಅಡ್ಡಕೊಯ್ತ ಎನ್ನುತ್ತಾರೆ. ಅದರ ಮಾನ ಚದರ ಆಂಗ್‌ಸ್ಟ್ರಾಮ್: ಒಂದು ಚದರ ಸೆಂಟಿಮೀಟರನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. ಆದರೆ ಕಂಬದ ಅಗಲ ಕಲ್ಲಿನ ವೇಗಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಅಣುವಿನದು ಬದಲಾಗುತ್ತದೆ. ಎಲೆಕ್ಟ್ರಾನಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, ಅಂದರೆ ಒಂದು ವೋಲ್ಟಿನ ಎಳೆತದಲ್ಲಿ ಗಳಿಸುವಷ್ಟು ಶಕ್ತಿಯಿದ್ದರೆ, ಅದು ಸೆಕೆಂಡಿಗೆ ಸುಮಾರು 600 ಕಿಲೋಮೀಟರ್ ಓಡುತ್ತದೆ, ಅದರ ಅಲೆಯ ಉದ್ದ ಚಿಕ್ಕ ಅಣುವಿನ ಹಲವು ಪಟ್ಟು ಇರುತ್ತದೆ. ಅಣುವಿಗಿಂತ ದೊಡ್ಡ ಅಲೆ ಅಣುವಿನ ಮೇಲೆ ಹಾಯುವಾಗ ಕಲ್ಲು-ಕಂಬದ ಲೆಕ್ಕ ನಿಲ್ಲುವುದಿಲ್ಲ.

ಇದನ್ನು ಮೊದಲು ಕಂಡವರು ಬೆಚ್ಚಿದರು. 1914ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಪಾದರಸದ ಆವಿಯಲ್ಲಿ ಎಲೆಕ್ಟ್ರಾನುಗಳನ್ನು ಹಾಯಿಸಿ, 4.9 ಎಲೆಕ್ಟ್ರಾನ್ ವೋಲ್ಟ್ ತುಂಬಿದಾಗ ಮಾತ್ರ ಅವು ಇಡಿಯಾಗಿ ಶಕ್ತಿ ಬಿಟ್ಟುಕೊಡುತ್ತವೆಂದು ತೋರಿಸಿದರು. ಪರಮಾಣುವಿನೊಳಗೆ ಮೆಟ್ಟಿಲುಗಳಿವೆ ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. 1921ರಲ್ಲಿ ಜರ್ಮನಿಯ ರಾಮ್‌ಸೌವರ್ ಕಂಡದ್ದು ಇನ್ನೂ ವಿಚಿತ್ರ. ಆರ್ಗಾನ್ ಅನಿಲದಲ್ಲಿ ಎಲೆಕ್ಟ್ರಾನುಗಳನ್ನು ನಿಧಾನಗೊಳಿಸುತ್ತ ಹೋದರೆ ಒಂದು ಹಂತದಲ್ಲಿ ಅನಿಲವೇ ಇಲ್ಲವೆಂಬಂತೆ ಅವು ತೂರಿಹೋಗುತ್ತವೆ. 13 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ 20 ಚದರ ಆಂಗ್‌ಸ್ಟ್ರಾಮಿಗೂ ಹೆಚ್ಚಿರುವ ಅಡ್ಡಕೊಯ್ತ ಕಾಲು ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಒಂದಕ್ಕೂ ಕೆಳಗೆ ಕುಸಿಯುತ್ತದೆ. ಇಂಗ್ಲೆಂಡಿನ ಟೌನ್ಸೆಂಡ್ ಮತ್ತು ಬೈಲಿ ಬೇರೆ ದಾರಿಯಿಂದ ಇದನ್ನೇ ಕಂಡರು. ಎಲೆಕ್ಟ್ರಾನು ಅಲೆ ಎಂದು ಡಿಬ್ರಾಯ್ ಹೇಳುವ ಮೊದಲೇ ಈ ಅಳತೆ ಅದನ್ನು ಹೇಳಿತ್ತು, ಕೇಳಿಸಿಕೊಳ್ಳುವ ಸಿದ್ಧಾಂತ ಆಗ ಇರಲಿಲ್ಲ.

ಪರಮಾಣು ಗುಂಡಗಿದೆ, ಲೆಕ್ಕಕ್ಕೆ ಒಗ್ಗುತ್ತದೆ. ಅಣುವಿನದು ಹಾಗಲ್ಲ. ಅದು ತಿರುಗುತ್ತದೆ, ನಡುಗುತ್ತದೆ, ಮುರಿಯುತ್ತದೆ. ಅದರ ಒಂದು ಮಗ್ಗುಲು ಇನ್ನೊಂದರಂತೆ ಇರುವುದಿಲ್ಲ. ನಾವು ಉಸಿರಾಡುವ ಸಾರಜನಕವನ್ನೇ ತೆಗೆದುಕೊಳ್ಳಿ. ಎಲೆಕ್ಟ್ರಾನಿನ ಶಕ್ತಿ 2.3 ಎಲೆಕ್ಟ್ರಾನ್ ವೋಲ್ಟಿನ ಸುತ್ತಮುತ್ತ ಬಂದಾಗ ಸಾರಜನಕದ ಅಡ್ಡಕೊಯ್ತ ಇದ್ದಕ್ಕಿದ್ದಂತೆ ಏರಿ, ಗರಗಸದ ಹಲ್ಲುಗಳಂತೆ ಏರಿಳಿಯುತ್ತದೆ. 1960ರ ದಶಕದ ಮೊದಲಲ್ಲಿ ಅಮೆರಿಕದ ಜಾರ್ಜ್ ಶುಲ್ಟ್ಸ್ ಇದನ್ನು ಬಿಡಿಸಿ ಅಳೆದರು. ಎಲೆಕ್ಟ್ರಾನು ಅಣುವಿನೊಳಗೆ ಗಳಿಗೆಯ ಮಟ್ಟಿಗೆ ತಂಗುತ್ತದೆ. ತಂಗುವ ಕಾಲ ಒಂದು ಸೆಕೆಂಡಿನ ಕೋಟಿ ಕೋಟಿ ಪಾಲಿನಲ್ಲಿ ಒಂದರ ಆಸುಪಾಸು. ಅಷ್ಟರಲ್ಲಿ ಎರಡು ಪರಮಾಣುಗಳು ಹಿಗ್ಗುತ್ತವೆ, ಎಲೆಕ್ಟ್ರಾನು ಹೊರಟುಹೋಗುತ್ತದೆ, ಅಣು ನಡುಗುತ್ತ ಉಳಿಯುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಚೈತ್ರ ವೈಶಾಖದಲ್ಲಿ ನರಗುಂದದ ಎರೆಹೊಲಗಳ ಮೇಲೆ ಸಿಡಿಲು ಕಟ್ಟುವಾಗ ಎಲೆಕ್ಟ್ರಾನುಗಳ ಶಕ್ತಿಯ ದೊಡ್ಡ ಪಾಲನ್ನು ಮೊದಲು ಹೀರಿಕೊಳ್ಳುವುದು ಸಾರಜನಕದ ಈ ನಡುಕವೇ. ಉಳಿದ ಶಕ್ತಿಯಿಂದ ಎಲೆಕ್ಟ್ರಾನುಗಳು ಹೊಸ ಎಲೆಕ್ಟ್ರಾನುಗಳನ್ನು ಕಿತ್ತು ತೆಗೆಯುವುದಕ್ಕೂ ಆಮ್ಲಜನಕ ಅವುಗಳನ್ನು ಹಿಡಿದುಕೊಳ್ಳುವುದಕ್ಕೂ ಪೈಪೋಟಿ. ಕೀಳುವಿಕೆ ಗೆದ್ದಲ್ಲಿ ಗಾಳಿ ಸೀಳುತ್ತದೆ. ಆ 30 ಕಿಲೋವೋಲ್ಟ್ ಇಂಥ ಹತ್ತಾರು ಅಡ್ಡಕೊಯ್ತಗಳ ಲೆಕ್ಕ ಕೂಡಿ ಬಂದದ್ದು.

ಶುಲ್ಟ್ಸ್ ಅವರ ಜೊತೆಗೆ ದುಡಿದವರಲ್ಲಿ ಆರ್.ಕೆ. ಅಸುಂಡಿ ಎಂಬ ಹೆಸರಿದೆ. ಗದಗ ತಾಲ್ಲೂಕಿನಲ್ಲೇ ಅಸುಂಡಿ ಎಂಬ ಊರಿದೆ. ಆ ಹೆಸರು ಕಣ್ಣಿಗೆ ಬಿದ್ದಾಗ ನಾನು ಓದುವುದನ್ನು ನಿಲ್ಲಿಸಿ ಮತ್ತೊಮ್ಮೆ ನೋಡಿದೆ. ಹೆಸರೊಂದರ ಮೇಲೆ ಊರಿನ ಹಕ್ಕು ಕಟ್ಟುವುದು ಸರಿಯಲ್ಲ, ಕೆಲಸದ ಮಾತು ಹೇಳುತ್ತೇನೆ. ಲಿವರ್‌ಪೂಲಿನಲ್ಲಿ ಕ್ರ್ಯಾಗ್ಸ್ ಮತ್ತು ಕುರೆಪಾ ಅವರೊಂದಿಗೆ ಆಮ್ಲಜನಕ, ಇಂಗಾಲದ ಮೊನಾಕ್ಸೈಡ್, ಡೈಆಕ್ಸೈಡ್ ಇವು ಎಲೆಕ್ಟ್ರಾನು ಹಿಡಿಯುವ ಅಳತೆಯನ್ನು 1963ರಲ್ಲಿ ಕೊಟ್ಟವರು ಅಸುಂಡಿ. ಶುಲ್ಟ್ಸ್ ಜೊತೆ ಮಾಡಿದ ಕೆಲಸ ಇನ್ನೂ ಸೊಗಸಿನದು. ಸುಮಾರು 3.75 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನು ಜಲಜನಕದ ಅಣುವಿಗೆ ಅಂಟಿ ಅದನ್ನು ಎರಡು ಹೋಳು ಮಾಡುತ್ತದೆ. ಜಲಜನಕದ ಬದಲು ಭಾರ ಜಲಜನಕ ಇಟ್ಟರೆ ಅದೇ ಮುರಿತ ಸುಮಾರು 200 ಪಟ್ಟು ಕಡಿಮೆಯಾಗುತ್ತದೆ. ಎರಡರ ರಸಾಯನವೂ ಒಂದೇ, ತೂಕ ಮಾತ್ರ ಇಮ್ಮಡಿ. ಭಾರವಾದ ಪರಮಾಣುಗಳು ದೂರ ಸರಿಯಲು ತಡಮಾಡುತ್ತವೆ. ಅವು ಸರಿಯುವ ಮೊದಲೇ ಎಲೆಕ್ಟ್ರಾನು ಎದ್ದು ಹೋಗುತ್ತದೆ. ಕಣ್ಣಿಗೆ ಕಾಣದ ಈ ಓಟದ ಪಂದ್ಯವನ್ನು ಒಂದೇ ಅನುಪಾತದಲ್ಲಿ ಹಿಡಿದಿಟ್ಟದ್ದು ಆ ಅಳತೆಯ ಹಿರಿಮೆ.

ಅಳತೆ ಹೇಗೆ ಮಾಡುತ್ತಾರೆ ಎಂಬುದರ ಕಷ್ಟ ಹೇಳದೆ ಮುಂದೆ ಹೋಗಲಾರೆ. ಗಾಳಿ ತೆಗೆದ ಉಕ್ಕಿನ ಕೋಣೆಯೊಳಗೆ ಸೂಜಿಯಂಥ ನಳಿಕೆಯಿಂದ ಅನಿಲ ಚಿಮ್ಮಿಸಿ, ಅದಕ್ಕೆ ಅಡ್ಡಲಾಗಿ ಎಲೆಕ್ಟ್ರಾನಿನ ತೆಳು ಹೊಳೆ ಬಿಡುತ್ತಾರೆ. ಹೊಳೆಯ ಎಲೆಕ್ಟ್ರಾನುಗಳೆಲ್ಲ ಒಂದೇ ಶಕ್ತಿಯವಾಗಿರಬೇಕೆಂದು ಅವನ್ನು ಅರ್ಧಗೋಳಾಕಾರದ ಎರಡು ಲೋಹದ ಬೋಗುಣಿಗಳ ನಡುವೆ ಹಾಯಿಸಿ ಸೋಸುತ್ತಾರೆ. ಚದುರಿದವನ್ನು ಕೋನ ಕೋನಕ್ಕೂ ಎಣಿಸುತ್ತಾರೆ. ಭೂಮಿಯ ಕಾಂತ ಬಲವೇ ನಿಧಾನದ ಎಲೆಕ್ಟ್ರಾನನ್ನು ಬಾಗಿಸಿಬಿಡುವುದರಿಂದ ಇಡೀ ಕೋಣೆಗೆ ವಿಶೇಷ ಮಿಶ್ರಲೋಹದ ಮುಸುಕು ಬೇಕು. ಅನಿಲ ಲೋಹದ ಮೈಗೆ ಅಂಟಿದರೆ ಶಕ್ತಿಯ ಗುರುತೇ ಸರಿದುಹೋಗುತ್ತದೆ. ಇಷ್ಟಾದ ಮೇಲೂ ಚಿಮ್ಮಿದ ಅನಿಲದಲ್ಲಿ ಎಷ್ಟು ಅಣುಗಳಿದ್ದವೆಂದು ನೇರವಾಗಿ ಎಣಿಸುವ ದಾರಿಯಿಲ್ಲ. ಇದಕ್ಕೆ ಉಪಾಯ ಹೇಳಿದವರು ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಶ್ರೀವಾಸ್ತವ, ಚುಟ್‌ಜಿಯಾನ್ ಮತ್ತು ಟ್ರಾಯ್‌ಮಾರ್. 1975ರಲ್ಲಿ ಅವರು ತಂದ ಕ್ರಮದಲ್ಲಿ ಅದೇ ನಳಿಕೆಯಿಂದ ಒಮ್ಮೆ ಹೀಲಿಯಂ, ಒಮ್ಮೆ ಬೇಕಾದ ಅನಿಲ ಬಿಟ್ಟು ಎರಡನ್ನೂ ತೂಗಿ ನೋಡುತ್ತಾರೆ. ಹೀಲಿಯಮ್ಮೇ ಏಕೆ? ಅದರ ಅಡ್ಡಕೊಯ್ತವನ್ನು 1979ರಲ್ಲಿ ನೆಸ್ಬೆಟ್ ಶೇ. 1ರ ಆಸುಪಾಸಿನ ನಿಖರತೆಯಲ್ಲಿ ಲೆಕ್ಕದಿಂದಲೇ ಕೊಟ್ಟರು. ಅಳತೆಯ ತಕ್ಕಡಿಯ ಬಟ್ಟು ಸಿದ್ಧಾಂತದಿಂದ ಬಂದದ್ದು. ಅಳೆಯುವವರೂ ಲೆಕ್ಕ ಹಾಕುವವರೂ ಬೇರೆ ಬೇರೆ ಎಂದು ಮಾತಾಡುವವರು ಇದನ್ನು ಮರೆಯಬಾರದು.

ಇನ್ನೊಂದು ದಾರಿ ಟೌನ್ಸೆಂಡರದು. ಒಂದೊಂದೇ ಡಿಕ್ಕಿ ನೋಡುವುದಲ್ಲ, ಅನಿಲದೊಳಗೆ ಎಲೆಕ್ಟ್ರಾನುಗಳ ಹಿಂಡನ್ನು ಬಿಟ್ಟು, ಅದು ಎಷ್ಟು ವೇಗವಾಗಿ ಸಾಗಿತು, ಎಷ್ಟು ಹರಡಿತು, ಎಷ್ಟು ಎಲೆಕ್ಟ್ರಾನುಗಳು ಹೆಚ್ಚಿದವು ಅಥವಾ ಕಳೆದುಹೋದವು ಎಂದು ಅಳೆದು ಹಿಂದಕ್ಕೆ ಲೆಕ್ಕ ಹಾಕುವುದು. ಕರ್ನಾಟಕದ ಹೆಸರು ಗಟ್ಟಿಯಾಗಿ ಕೇಳಿಬರುವುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈ ವೋಲ್ಟೇಜ್ ಎಂಜಿನಿಯರಿಂಗ್ ವಿಭಾಗಕ್ಕೂ ಲಿವರ್‌ಪೂಲಿಗೂ ಹಳೆಯ ನಂಟು. ಆ ವಿಭಾಗದ ಎಂ.ಎಸ್. ನಾಯ್ಡು ಅವರು ಎ.ಎನ್. ಪ್ರಸಾದರೊಂದಿಗೆ ಎಸ್‌ಎಫ್6ರಲ್ಲಿ ಎಲೆಕ್ಟ್ರಾನುಗಳೂ ಎಲೆಕ್ಟ್ರಾನು ನುಂಗಿ ಹುಟ್ಟಿದ ಋಣ ಅಯಾನುಗಳೂ ಸಾಗುವ ವೇಗವನ್ನು 1970ರ ಸುಮಾರಿಗೆ ಅಳೆದು ಪ್ರಕಟಿಸಿದರು. ನಾಯ್ಡು ಮತ್ತು ಕಾಮರಾಜು ಬರೆದ ಹೈ ವೋಲ್ಟೇಜ್ ಎಂಜಿನಿಯರಿಂಗ್ ಪುಸ್ತಕವನ್ನು ನಮ್ಮ ಎಲೆಕ್ಟ್ರಿಕಲ್ ಹುಡುಗರು ಇಂದಿಗೂ ಓದುತ್ತಾರೆ. ಗಜೇಂದ್ರಗಡದ ಬ್ರೇಕರಿನ ಕಥೆಗೆ ಬೆಂಗಳೂರಿನಲ್ಲೇ ಒಂದು ಅಧ್ಯಾಯವಿದೆ ಎಂಬುದು ಅವರಿಗೆ ಗೊತ್ತಾಗಬೇಕು.

ಅದೇ ವಿಭಾಗದಲ್ಲಿದ್ದು ಆಮೇಲೆ ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯ ಸೇರಿದ ಗೊರೂರು ಗೋವಿಂದರಾಜು ಅವರು 2005ರಲ್ಲಿ ಅನಿಲಗಳಲ್ಲಿನ ಎಲೆಕ್ಟ್ರಾನು ವಿದ್ಯಮಾನಗಳ ಮೇಲೆ ಒಂದು ದೊಡ್ಡ ಗ್ರಂಥ ಬರೆದರು. ಮುಂದೆ, ಅಣು ಅಣುವಿಗೂ ಅಡ್ಡಕೊಯ್ತದ ಕೋಷ್ಟಕಗಳನ್ನು ಒಟ್ಟುಮಾಡಿದ ಇನ್ನೊಂದು ಗ್ರಂಥ ತಂದರು. ಚದುರಿಹೋದ ಸಾವಿರಾರು ಅಳತೆಗಳನ್ನು ಹೆಕ್ಕಿ ತಂದು ಎದುರುಬದುರು ಇಡುವ ಕೆಲಸ ಕಣ್ಣು ನೋಯಿಸುವಂಥದು, ಅದಕ್ಕೆ ಬಿರುದು ಬಾವಲಿ ಇಲ್ಲ. ಆದರೆ ಇಂಥ ಕೋಷ್ಟಕವಿಲ್ಲದೆ ಎಂಜಿನಿಯರು ಒಂದು ಹೆಜ್ಜೆ ಇಡಲಾರ. ಎಸ್‌ಎಫ್6 ಒಂದಕ್ಕೇ ಕ್ರಿಸ್ಟೊಫೊರೂ ಮತ್ತು ಓಲ್ತಾಫ್ 2000ರಲ್ಲಿ ಇಡೀ ಸಮೀಕ್ಷೆ ಬರೆದರು. ಸಾರಜನಕ, ಆಮ್ಲಜನಕ, ನೀರು ಇವುಗಳಿಗೆ ಜಪಾನಿನ ಇತಿಕಾವಾ ಮೊದಲಾದವರು ಬರೆದರು. ಹಿಂಡಿನ ದಾರಿಯ ಒಂದು ದೋಷವನ್ನೂ ಹೇಳಬೇಕು: ಬೇರೆ ಬೇರೆ ಅಡ್ಡಕೊಯ್ತಗಳ ಕಟ್ಟುಗಳು ಒಂದೇ ವೇಗವನ್ನು ಕೊಡಬಲ್ಲವು. ಉತ್ತರ ಸರಿ ಬಂದ ಮಾತ್ರಕ್ಕೆ ಲೆಕ್ಕದ ಒಳಗಿನ ಅಂಕಿಗಳು ಸರಿ ಎನ್ನಲಾಗದು.

ಧಾರವಾಡವನ್ನು ಬಿಡುವಂತಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎನ್.ಆರ್. ತಾವಡೆ ಮತ್ತು ಅವರ ಬಳಗದವರು ಎರಡು ಪರಮಾಣುಗಳ ಅಣುಗಳಿಗೆ ಫ್ರಾಂಕ್–ಕಾಂಡನ್ ಅಂಶಗಳನ್ನು ಲೆಕ್ಕ ಹಾಕಿದರು. ಅಣು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವಾಗ ಯಾವ ನಡುಕ ಎಷ್ಟು ಪಾಲು ಪಡೆಯುತ್ತದೆ ಎಂದು ಹೇಳುವ ಅಂಕಿಗಳಿವು. ರೋಹಿತಕ್ಕಾಗಿ ಹುಟ್ಟಿದ ಅಂಕಿಗಳಾದರೂ ಎಲೆಕ್ಟ್ರಾನು ಅಣುವನ್ನು ಕೆರಳಿಸುವ ಲೆಕ್ಕಕ್ಕೂ ಇವು ಬೇಕು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್, ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಅಣುವಿಗೆ ತಾಗಿದ ಎಲೆಕ್ಟ್ರಾನು ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆಯುವ ಉಪಕರಣ ಕಟ್ಟಿ ಬಳಸಿದರು.

ಇನ್ನು ಲೆಕ್ಕದ ಕಡೆ. ನಿಯಮ ಗೊತ್ತಿದೆ, 1926ರ ಶ್ರೋಡಿಂಗರ್ ಸಮೀಕರಣ ಸಾಕು. ಬಿಡಿಸುವುದೇ ಕಷ್ಟ. ಒಳಬಂದ ಎಲೆಕ್ಟ್ರಾನು ಅಣುವಿನೊಳಗಿನ ಎಲೆಕ್ಟ್ರಾನುಗಳ ಜೊತೆ ಗುರುತು ಸಿಗದಂತೆ ಬೆರೆಯುತ್ತದೆ, ಅವುಗಳ ಮೋಡವನ್ನು ತನ್ನ ಕಡೆಗೆ ಎಳೆಯುತ್ತದೆ. ಆರ್-ಮ್ಯಾಟ್ರಿಕ್ಸ್ ಎಂಬ ಕ್ರಮ ಅಣುವಿನ ಸುತ್ತ ಒಂದು ಗೋಳ ಎಳೆದು, ಒಳಗಿನ ತೊಡಕನ್ನು ಒಮ್ಮೆ ಬಿಡಿಸಿ, ಹೊರಗೆ ಸರಳ ಲೆಕ್ಕ ನಡೆಸುತ್ತದೆ. ಪರಮಾಣು ಬೀಜದ ಭೌತವಿಜ್ಞಾನಕ್ಕೆಂದು ವಿಗ್ನರ್ ಮತ್ತು ಐಸೆನ್‌ಬಡ್ 1947ರಲ್ಲಿ ಕೊಟ್ಟ ಉಪಾಯವಿದು. ಬೆಲ್ಫಾಸ್ಟಿನ ಬರ್ಕ್ ಇದನ್ನು ಎಲೆಕ್ಟ್ರಾನುಗಳಿಗೆ ಒಗ್ಗಿಸಿದರು, ಲಂಡನ್ನಿನ ಟೆನಿಸನ್ ಅಣುಗಳಿಗೆ ಬೆಳೆಸಿದರು, ದೆಹಲಿಯಲ್ಲಿ ಕೆ.ಎಲ್. ಬಲುಜಾ ಇದರಲ್ಲಿ ಬಹುಕಾಲ ದುಡಿದರು. ಇಂಥ ಲೆಕ್ಕದ ಸೂಕ್ಷ್ಮಕ್ಕೆ ಒಂದೇ ಉದಾಹರಣೆ ಸಾಕು. ಸಾರಜನಕದ ಎಲೆಕ್ಟ್ರಾನು ಮೋಡವನ್ನು ಅಲುಗದಂತೆ ಹಿಡಿದು ಲೆಕ್ಕ ಹಾಕಿದರೆ ಆ 2.3ರ ಅನುರಣನ ಒಂದು ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಮೇಲೆ ಹೋಗಿ ಕೂರುತ್ತದೆ. ಸಿಡಿಲಿನ ಲೆಕ್ಕದಲ್ಲಿ ಅಷ್ಟು ತಪ್ಪಾದರೆ ಎಲ್ಲವೂ ತಪ್ಪಿದಂತೆ. ಮೋಡಕ್ಕೆ ಅಲುಗಲು ಬಿಟ್ಟಾಗ ಅನುರಣನ ತನ್ನ ಜಾಗಕ್ಕೆ ಇಳಿಯುತ್ತದೆ.

ಶಕ್ತಿ ಹೆಚ್ಚಿದಷ್ಟೂ ಕೆಲಸ ಹಗುರ. ಅಣುವಿನಿಂದ ಎಲೆಕ್ಟ್ರಾನು ಕೀಳುವ ಅಡ್ಡಕೊಯ್ತಕ್ಕೆ 1994ರಲ್ಲಿ ಕಿಮ್ ಮತ್ತು ರಡ್ ಕೊಟ್ಟ ಸೂತ್ರ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಒಳಗಿನ ಎಲೆಕ್ಟ್ರಾನುಗಳ ಬಂಧದ ಶಕ್ತಿ, ಚಲನೆಯ ಶಕ್ತಿ, ಸಂಖ್ಯೆ ಇಷ್ಟು ಗೊತ್ತಾದರೆ ಸಾಕು. ಬಹಳಷ್ಟು ಅಣುಗಳಿಗೆ ಅದು ಅಳತೆಯ ಹತ್ತಿರ ಬರುತ್ತದೆ. ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ಕೆ.ಎನ್. ಜೋಶಿಪುರ ಮತ್ತು ಶಿಷ್ಯರು ಬೇರೆ ಬಗೆಯ ಸರಳ ಕ್ರಮ ಬೆಳೆಸಿ ನೂರಾರು ಅಂಕಿ ಕೊಟ್ಟರು. ಆದರೆ 15–20 ಎಲೆಕ್ಟ್ರಾನ್ ವೋಲ್ಟಿನ ಕೆಳಗೆ ಸೂತ್ರಗಳು ಕೈಕೊಡುತ್ತವೆ. ಬ್ರೇಕರಿನ ಕಿಡಿ, ಸಿಡಿಲು, ಜೀವಕೋಶ ಎಲ್ಲದರ ಆಟ ನಡೆಯುವುದು ಬಹುಪಾಲು ಅಲ್ಲೇ.

ಅಳತೆಯೂ ಎಲ್ಲೆಡೆ ಗೆಲ್ಲುವುದಿಲ್ಲ. ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ಅದು ದೂರದಿಂದಲೇ ಎಲೆಕ್ಟ್ರಾನನ್ನು ಕೊಂಚ ತಿರುಗಿಸುತ್ತದೆ. ಹೀಗೆ ಕೊಂಚ ತಿರುಗಿದವೇ ಹೆಚ್ಚು, ಅವು ತಿರುಗದೆ ನೇರ ಹೋದ ಹೊಳೆಯಲ್ಲೇ ಸೇರಿಕೊಳ್ಳುವುದರಿಂದ ಎಣಿಕೆಗೆ ಸಿಗುವುದಿಲ್ಲ. ಆ ಭಾಗವನ್ನು ಲೆಕ್ಕದಿಂದಲೇ ತುಂಬಬೇಕು. ಅತಿ ಸಾಮಾನ್ಯ ಅಣುವಾದ ನೀರಿನಲ್ಲೇ ಹೀಗಾದರೆ ದೊಡ್ಡ ಅಣುಗಳ ಪಾಡು ಊಹಿಸಿಕೊಳ್ಳಿ.

ಜೀವಕೋಶದ ಮಾತು ಬಂತು. 2000ನೇ ಇಸವಿಯಲ್ಲಿ ಕೆನಡಾದ ಶೆರ್‌ಬ್ರೂಕಿನಲ್ಲಿ ಬುದಾಯ್ಫಾ, ಸಾಂಶ್ ಮತ್ತು ಸಂಗಡಿಗರು 3ರಿಂದ 20 ಎಲೆಕ್ಟ್ರಾನ್ ವೋಲ್ಟಿನ ಬಡ ಎಲೆಕ್ಟ್ರಾನುಗಳೂ ಡಿಎನ್‌ಎ ಎಳೆಯನ್ನು ಕಡಿಯುತ್ತವೆಂದು ತೋರಿಸಿದರು. ಹುಬ್ಬಳ್ಳಿಯ ನವನಗರದಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ನಮ್ಮ ಕಡೆಯ ಕ್ಯಾನ್ಸರ್ ರೋಗಿಗೆ ಕರೆಂಟು ಕೊಡುತ್ತಾರೆ ಎನ್ನುತ್ತೇವಲ್ಲ, ಆ ವಿಕಿರಣ ಮೈಯೊಳಗೆ ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇಳಿಸಿದರೆ ಇಂಥ ಸುಮಾರು 50 ಸಾವಿರ ಎಲೆಕ್ಟ್ರಾನುಗಳು ಏಳುತ್ತವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇ. ಕೃಷ್ಣಕುಮಾರ್, ವೈಭವ್ ಪ್ರಭುದೇಸಾಯಿ ಮೊದಲಾದವರು 2005ರಲ್ಲಿ ಕಂಡದ್ದು ಈ ಹಿನ್ನೆಲೆಯಲ್ಲಿ ಬಹಳ ದೊಡ್ಡದು. ಎಲೆಕ್ಟ್ರಾನಿನ ಶಕ್ತಿ ಬದಲಿಸಿದರೆ ಅಣುವಿನ ಯಾವ ಕೊಂಡಿ ಕಡಿಯಬೇಕೆಂದು ಆರಿಸಬಹುದು. ಅಸಿಟಿಕ್ ಆಮ್ಲದಲ್ಲಿ ಸುಮಾರು 7 ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಆಮ್ಲಜನಕಕ್ಕೆ ಅಂಟಿದ ಜಲಜನಕ ಕಳಚುತ್ತದೆ, ಸುಮಾರು 9ರ ಹತ್ತಿರ ಇಂಗಾಲಕ್ಕೆ ಅಂಟಿದ್ದು ಕಳಚುತ್ತದೆ. 2018ರಲ್ಲಿ ಕೃಷ್ಣಕುಮಾರ್, ಪ್ರಭುದೇಸಾಯಿ ಮತ್ತು ನೈಜೆಲ್ ಮೇಸನ್ ಜಲಜನಕದ ಅಣುವಿನಲ್ಲೇ ಇನ್ನೊಂದು ಬೆರಗು ತೋರಿಸಿದರು: ಎರಡು ತುದಿಯೂ ಒಂದೇ ಆಗಿರುವ ಆ ಅಣುವಿನಿಂದ ಋಣ ಅಯಾನು ಹಿಂದಕ್ಕೂ ಮುಂದಕ್ಕೂ ಸಮನಾಗಿ ಹಾರುವುದಿಲ್ಲ. ಮುರಿಯುವ ಎರಡು ದಾರಿಗಳು ಅಲೆಗಳಂತೆ ಒಂದರ ಮೇಲೊಂದು ಬಿದ್ದು ಒಂದು ಕಡೆಗೆ ವಾಲುತ್ತವೆ. ಕೃಷ್ಣಕುಮಾರ್ ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು.

ಮತ್ತೆ ಬ್ರೇಕರಿಗೆ ಬರೋಣ. 24 ಕಿಲೋವೋಲ್ಟಿನವರೆಗಿನ ಹೊಸ ಸ್ವಿಚ್‌ಗಿಯರುಗಳಲ್ಲಿ ಎಸ್‌ಎಫ್6ರಂಥ ಫ್ಲೋರಿನ್ ಅನಿಲವನ್ನು ಯುರೋಪಿನ 2024ರ ಕಾಯಿದೆ 2026ರಿಂದ ತಡೆದಿದೆ. ಬದಲಿಗೆ ಬಂದ ಅಣುಗಳಲ್ಲಿ ಮುಂದೆ ನಿಂತದ್ದು ಸಿ4ಎಫ್7ಎನ್ ಎಂಬ ನೈಟ್ರೈಲ್. ಇಂಗಾಲದ ಡೈಆಕ್ಸೈಡಿನೊಂದಿಗೆ ಬೆರೆಸಿ ಬಳಸುತ್ತಾರೆ. ಅದನ್ನು ಮಾರುತ್ತಿದ್ದ 3ಎಂ ಕಂಪನಿ ಇಂಥ ಫ್ಲೋರಿನ್ ರಾಸಾಯನಿಕಗಳ ತಯಾರಿಕೆಯನ್ನೇ 2025ರ ಕೊನೆಗೆ ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲಿ ಸಾರಿತು. ಅಂದರೆ ಹುಡುಕಾಟ ಮುಗಿದಿಲ್ಲ. ಕೊಠಡಿಯ ತಾಪದ ಎಲೆಕ್ಟ್ರಾನಿಗೆ ಎಸ್‌ಎಫ್6 ಸುಮಾರು 200 ಚದರ ಆಂಗ್‌ಸ್ಟ್ರಾಮಿನ ಗುರಿಯಾಗಿ ತೋರುತ್ತದೆ. ಅದರಂತೆ ನುಂಗಬಲ್ಲ, ಆದರೆ ಆಕಾಶದಲ್ಲಿ ಶತಮಾನಗಟ್ಟಲೆ ಉಳಿಯದ ಅಣು ಬೇಕು. ಸಾವಿರ ಅಣುಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿಯಬಹುದು, ಹಿಂಡಿನ ಅಳತೆಗಳಿಂದ ಅಡ್ಡಕೊಯ್ತ ಹೆಕ್ಕಲು ಯಂತ್ರಗಳಿಗೂ ಕಲಿಸುತ್ತಿದ್ದಾರೆ. ನನ್ನ ತೀರ್ಮಾನ ಇದು: ಹತ್ತು ಪರಮಾಣು ದಾಟಿದ ಅಣುವಿಗೆ, 20 ಎಲೆಕ್ಟ್ರಾನ್ ವೋಲ್ಟಿನ ಕೆಳಗೆ, ಲೆಕ್ಕವೊಂದನ್ನೇ ನಂಬಿ ಬ್ರೇಕರ್ ಕಟ್ಟುವ ಕಾಲ ಬಂದಿಲ್ಲ. ಯಂತ್ರಕ್ಕೆ ಕಲಿಸುವುದೂ ಹಳೆಯ ಅಳತೆಗಳನ್ನು ಉಣಿಸಿಯೇ. ಅಳೆಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ. ಈ ಉಪಕರಣಗಳನ್ನು ಪಳಗಿಸಿದ ತಲೆಮಾರು ನಿವೃತ್ತವಾಗಿದೆ, ಒಂದು ಅಂಕಿಗಾಗಿ ಎರಡು ವರ್ಷ ಕೂರುವ ಕೆಲಸಕ್ಕೆ ಹೊಸ ಹುಡುಗರು ಬರಬೇಕಾದರೆ ಎಳವೆಯಲ್ಲೇ ರುಚಿ ಹತ್ತಬೇಕು.

ಅದಕ್ಕೊಂದು ದಾರಿ ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳ ಕೈಯಲ್ಲೇ ಇದೆ. 1968ರಲ್ಲಿ ಕುಕೊಲಿಚ್ ಎಂಬವರು 2ಡಿ21 ಎಂಬ ಹಳೆಯ ಕ್ಸೆನಾನ್ ವಾಲ್ವಿನಲ್ಲೇ ರಾಮ್‌ಸೌವರ್ ಕಂಡದ್ದನ್ನು ತೋರಿಸುವ ಪ್ರಯೋಗ ಬರೆದರು. ವಾಲ್ವಿಗೆ ಕೊಡುವ ವೋಲ್ಟೇಜನ್ನು ಕೆಲವೇ ವೋಲ್ಟಿನವರೆಗೆ ಕೊಂಚ ಕೊಂಚವಾಗಿ ಏರಿಸುತ್ತ ಪ್ಲೇಟಿನ ಕರೆಂಟು ಬರೆದುಕೊಳ್ಳಿ. ಆಮೇಲೆ ವಾಲ್ವಿನ ತಲೆಯನ್ನು ದ್ರವ ಸಾರಜನಕದಲ್ಲಿ ಅದ್ದಿ, ಒಳಗಿನ ಕ್ಸೆನಾನ್ ಹೆಪ್ಪುಗಟ್ಟಿದ ಮೇಲೆ ಮತ್ತೊಮ್ಮೆ ಬರೆದುಕೊಳ್ಳಿ. ಅನಿಲ ಇದ್ದಾಗಿನ ಅಂಕಿಯೂ ಇಲ್ಲದಾಗಿನ ಅಂಕಿಯೂ ಒಂದು ಜಾಗದಲ್ಲಿ ಹತ್ತಿರ ಬರುತ್ತವೆ. ಎಲೆಕ್ಟ್ರಾನಿಗೆ ಕ್ಸೆನಾನ್ ಕಾಣದಾಗುವ ಜಾಗ ಅದು. ದ್ರವ ಸಾರಜನಕಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ದನಗಳ ಕೃತಕ ಗರ್ಭಧಾರಣೆಯ ವೀರ್ಯದ ನಳಿಕೆಗಳನ್ನು ಪಶು ಆಸ್ಪತ್ರೆಗಳು ಇಡುವುದೇ ದ್ರವ ಸಾರಜನಕದ ಕ್ಯಾನಿನಲ್ಲಿ. ಡಾಕ್ಟರನ್ನು ಕೇಳಿ ಒಂದು ಥರ್ಮಾಸಿನಷ್ಟು ತನ್ನಿ, ಕೈಗವಸು ಹಾಕಿಕೊಂಡು ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ, ಗ್ರಾಫು ಎಳೆಯುವ ಕೆಲಸವನ್ನು ಮಕ್ಕಳಿಗೆ ಬಿಡಿ.